ಅಕ್ಕನ ಕಾಲಿನ ಕಾಗದಪತ್ರಗಳು

ರಾಯಬಾಗದ ಸರಕಾರಿ ದಫ್ತರದ ಕೋಣೆಯಲ್ಲಿ ನಾನು ಮೂವತ್ತಮೂರು ವರ್ಷ ಕಾಗದ ಕಾದೆ. ಹೊಲದ ಕಾಗದ, ವಾರಸದ ಕಾಗದ, ಯಾರು ಯಾರ ಮೇಲೆ ಯಾಕೆ ತಕರಾರು ಹೂಡಿದರೆಂದು ಅವರ ಮೊಮ್ಮಕ್ಕಳಿಗೂ ಮರೆತುಹೋದ ಕಾಗದ. ಗೆದ್ದಲಿನಿಂದ ಕಾದೆ, ಇಲಿಯಿಂದ ಕಾದೆ, ಒಮ್ಮೊಮ್ಮೆ ಮೇಲಧಿಕಾರಿಗಳಿಂದಲೂ ಕಾದೆ. ನಿವೃತ್ತಿಯ ದಿನ ಶಾಲು ಹೊದಿಸಿ, ಈ ಮನುಷ್ಯನ ಕೈಯಲ್ಲಿ ಒಂದು ಚೀಟಿಯೂ ಕಳೆದಿಲ್ಲವೆಂದು ಭಾಷಣ ಮಾಡಿದರು. ಆ ಭಾಷಣ ಅಕ್ಷರಶಃ ನಿಜ. ನಾನು ಕಳೆದದ್ದು ಒಂದೇ ಕಡತ, ಅದು ಸರಕಾರದ್ದಲ್ಲ, ನನ್ನ ಅಕ್ಕನ ಸೊಂಟದ್ದು. ಅದನ್ನೂ ಕಳೆದೆ ಎನ್ನುವಂತಿಲ್ಲ. ತೆಂಗಿನಕಾಯಿ, ನಿಂಬೆಹಣ್ಣಿನ ಸಮೇತ, ವಿಧಿವತ್ತಾಗಿ ಕೃಷ್ಣಾ ನದಿಗೆ ಬಿಟ್ಟು ಬಂದೆ.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ತಾಯಿ ಬೇಗ ತೀರಿಕೊಂಡದ್ದರಿಂದ ನಾನು ಬೆಳೆದದ್ದು ಆಕೆಯ ಎಡ ಸೊಂಟದ ಮೇಲೆ. ಆ ಸೊಂಟ ಸವೆದದ್ದರಲ್ಲಿ ನನ್ನ ಪಾಲೂ ಇದ್ದೀತು. ಹದಿನಾರಕ್ಕೆ ಆಕೆಯನ್ನು ಅಥಣಿ ತಾಲೂಕಿನ ಸತ್ತಿಗೆ ಕೊಟ್ಟರು. ಹೊಳೆದಂಡೆಯ ಊರು, ಕಬ್ಬಿನ ಹೊಲ, ಕೊಟ್ಟಿಗೆ ತುಂಬ ಎಮ್ಮೆ. ಹೋದ ಹೊಸದರಲ್ಲೇ ಅತ್ತೆ ಹಾಸಿಗೆ ಹಿಡಿದಳು. ಮೂರು ವರ್ಷ ಆ ಮುದುಕಿಯ ಹೇಲು ಉಚ್ಚೆ ಬಳಿದವಳು ಅಕ್ಕ. ಆ ಮೂರು ವರ್ಷಗಳ ಬಗ್ಗೆ ಆಕೆ ಒಂದು ಮಾತು ಬಿಟ್ಟು ಬೇರೇನೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಮಾತನ್ನು ಮಾತ್ರ ಹಬ್ಬಕ್ಕೊಮ್ಮೆ ಹೇಳುತ್ತಿದ್ದಳು.

"ನನ್ನ ಯಾರೂ ತೊಳಿಯೂ ಹಂಗ ಆಗಬಾರದು. ನನ್ನ ಕಾಲ ಮ್ಯಾಲ ನಾ ಪಾಯಖಾನಿಗಿ ಹೋಗಬೇಕು, ಅಷ್ಟ."

ಉಳಿದವರು ದೇವರ ಮುಂದೆ ಸಂತಾನ, ಮಳೆ, ಹೊಸ ಟ್ರ್ಯಾಕ್ಟರು ಬೇಡುವಾಗ ಅಕ್ಕನ ಅರ್ಜಿ ಇಷ್ಟೇ ಇತ್ತು. ಏಕವಿಷಯದ್ದು, ಲಗತ್ತುಗಳಿಲ್ಲದ್ದು. ಇಂಥ ಅರ್ಜಿಗಳು ಬೇಗ ಇತ್ಯರ್ಥವಾಗುತ್ತವೆ ಎಂದು ನಾನು ಅನುಭವದ ಮೇಲೆ ಹೇಳುತ್ತಿದ್ದೆ.

ಐದಾರು ವರ್ಷದ ಹಿಂದೆ ಕೊಟ್ಟಿಗೆಯ ಹಸಿ ನೆಲದಲ್ಲಿ ಜಾರಿ ಬಿದ್ದು ಅದೇ ಎಡಗಾಲಿನ ಎಲುಬು ಸೊಂಟದ ಹತ್ತಿರ ಮುರಿಯಿತು. ಗಡಿ ದಾಟಿ ಸಾಂಗ್ಲಿಗೆ ಒಯ್ದೆವು. ಹೊಳೆಗೆ ಹತ್ತಿರದ ಓಣಿಯಲ್ಲಿ ಒಂದು ದವಾಖಾನೆ. ವಯಸ್ಸಾದ ಡಾಕ್ಟರು, ಮಾತು ಕಡಿಮೆ. ಸೊಂಟದ ಕೀಲಿನ ಮುರಿದ ಗುಂಡನ್ನು ತೆಗೆದು ಲೋಹದ ಗುಂಡು ಕೂಡಿಸಿದರು. ಆ ಗುಂಡಿಗೆ ಒಂದು ರಾಡು ಇರುತ್ತದೆ, ಅದನ್ನು ತೊಡೆಯೆಲುಬಿನ ಪೊಳ್ಳಿನೊಳಗೆ ಗೇಣುದ್ದ ಇಳಿಸುತ್ತಾರೆ. ಎರಡನೆಯ ದಿನವೇ ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದರು. ಮೂರು ತಿಂಗಳಿಗೆ ಕೋಲು, ಆರು ತಿಂಗಳಿಗೆ ಕೋಲೂ ಇಲ್ಲ. ಹಿತ್ತಲಿನ ಕೊನೆಗಿದ್ದ ಪಾಯಖಾನೆಗೆ ತಂಬಿಗೆ ಹಿಡಿದು ತಾನೇ ಹೋಗಿ ಬಂದ ದಿನ ಸೊಸೆಯ ಕೈಲಿ ಹೋಳಿಗೆ ಮಾಡಿಸಿದಳು. ಇಂಥ ಕಾರಣಕ್ಕೆ ಹೋಳಿಗೆ ಉಂಡದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಡಾಕ್ಟರು ಬಿಡುಗಡೆ ಮಾಡುವಾಗ ಒಂದು ನೀಲಿ ಪ್ಲಾಸ್ಟಿಕ್ ಫೈಲು ಕೊಟ್ಟು ಜೋಪಾನವಾಗಿಡಿ ಎಂದಿದ್ದರು. ನಾನು ಅದನ್ನು ವೃತ್ತಿಯ ಗಾಂಭೀರ್ಯದಿಂದ ಪರಿಶೀಲಿಸಿದೆ. ಔಷಧದ ಚೀಟಿ, ರಕ್ತದ ವರದಿ, ಎಕ್ಸರೇ, ಕೊನೆಯಲ್ಲಿ ಒಂದು ಬಿಳಿ ಹಾಳೆ. ಅದಕ್ಕೆ ಅಂಟಿಸಿದ ಮೂರು ಸಣ್ಣ ಚೀಟಿಗಳು, ಅವುಗಳ ಮೇಲೆ ಕಪ್ಪು ಗೆರೆ, ಇಂಗ್ಲಿಷ್ ಅಕ್ಷರ, ಅಂಕಿ. ಸಹಿ ಇಲ್ಲ, ಮೊಹರಿಲ್ಲ, ರವಾನೆಯ ಜಾವಕ ನಂಬರಿಲ್ಲ. ಬಿಸ್ಕೀಟಿನ ಪೊಟ್ಟಣದ ಮೇಲಿರುವಂಥದ್ದು. ಸದರಿ ಹಾಳೆಯು ದಾಖಲೆ ಎನಿಸಿಕೊಳ್ಳಲು ಅನರ್ಹ ಎಂದು ಮನಸ್ಸಿನಲ್ಲೇ ಷರಾ ಬರೆದೆ.

ಅಕ್ಕನ ಮನೆತನದಲ್ಲಿ ಒಂದು ರೂಢಿ ಉಂಟು. ದೊಡ್ಡ ಜಡ್ಡಿನಿಂದ ಎದ್ದವರು ಆ ಜಡ್ಡಿನ ಸಾಮಾನನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಉಳಿದ ಗುಳಿಗೆ, ಪಟ್ಟಿ, ಚೀಟಿ, ಎಲ್ಲವನ್ನೂ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಅಮಾವಾಸ್ಯೆಯ ಬೆಳಗ್ಗೆ ಹರಿಯುವ ನೀರಿಗೆ ಬಿಡಬೇಕು. ಇಟ್ಟುಕೊಂಡರೆ ಪೀಡೆ ಮನೆ ಗುರುತಿಟ್ಟುಕೊಂಡು ಮತ್ತೆ ಬರುತ್ತದಂತೆ. ಹೆಣ್ಣುಮಕ್ಕಳ ಜಡ್ಡಾದರೆ ಬಿಡುವವನು ತವರಿನ ಗಂಡಸಾಗಿರಬೇಕು. ತವರಿನಲ್ಲಿ ಉಳಿದ ಗಂಡಸು ನಾನೊಬ್ಬನೇ.

ಒಂದು ಜೆರಾಕ್ಸಾದರೂ ತೆಗೆಸಿಡೋಣ ಎಂದು ನಾನು ಹೇಳಿದ್ದು ಹೌದು. ಅಕ್ಕ ನನ್ನನ್ನು ನೋಡಿದಳು.

"ಪೀಡಾದ್ದು ಜೆರಾಕ್ಸ ತಗಸ್ತಿಯೇನೋ? ಕಚೇರಿ ಮುಗದೈತಿ, ಇನ್ನ ಮನಿಗಿ ಬಾ."

ಸೊಸೆ ಸೆರಗಿನೊಳಗೆ ನಕ್ಕಳು. ನನಗೂ ಒಳಗೊಳಗೆ ಹಗುರವೇ ಆಗಿತ್ತು, ಇದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಡತವೊಂದು ಮುಕ್ತಾಯಗೊಂಡರೆ ಕಾರಕೂನನಿಗೆ ಆಗುವ ಸಂತೋಷ ಹೊರಗಿನವರಿಗೆ ತಿಳಿಯುವುದಿಲ್ಲ. ಅಮಾವಾಸ್ಯೆಯ ದಿನ ಮಿಂದು, ಮಡಿ ಉಟ್ಟು, ಗಂಟನ್ನು ಹೊಳೆಗೆ ಬಿಟ್ಟೆ. ಚೀಟಿಗಳು ಮುಳುಗಿದವು. ಎಕ್ಸರೇ ಮುಳುಗಲು ಒಪ್ಪದೆ ಬಟ್ಟೆಯಿಂದ ಜಾರಿಕೊಂಡಿತು. ಸ್ವಲ್ಪ ದೂರ ಅಕ್ಕನ ಸೊಂಟ ನೀರಿನ ಮೇಲೆ ಕಪ್ಪಗೆ ತೇಲುತ್ತ ಹೋಯಿತು. ಮರಳುವಾಗ ಹಿಂದಿರುಗಿ ನೋಡಬಾರದೆಂಬ ನಿಯಮ ಪಾಲಿಸಿದೆ. ನೀಲಿ ಫೈಲನ್ನು ಮಾತ್ರ ಬಿಡಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕು, ಒಳ್ಳೆಯ ಗುಂಡಿ. ಇಂಥದ್ದನ್ನು ಹೊಳೆಗೆ ಹಾಕುವುದು ಪರಿಸರಕ್ಕೆ ಹಾನಿ ಎಂದು ನನಗೆ ನಾನೇ ಆದೇಶ ಹೊರಡಿಸಿಕೊಂಡು ಮನೆಗೆ ತಂದೆ.

ಅದಾದ ಮೇಲೆ ಅಕ್ಕ ನಾಲ್ಕು ವರ್ಷ ಚೆನ್ನಾಗಿ ನಡೆದಳು. ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ ಎಲ್ಲಿಗೆ ಹೋದರೂ ಆಕೆಯ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹೋಗುತ್ತಿತ್ತು. ಮದುವೆಯಲ್ಲಿ ಎಲ್ಲ ಮುದುಕಿಯರು ಜಮಖಾನೆಯ ಮೇಲೆ ಕೂತರೆ ಈಕೆ ನಡುವೆ ಕುರ್ಚಿಯ ಮೇಲೆ, ಪಂಚಾಯ್ತಿ ಅಧ್ಯಕ್ಷರ ಹಾಗೆ. ಇಷ್ಟು ಆಜ್ಞಾಧಾರಕ ರೋಗಿಯನ್ನು ನಾನು ಕಂಡಿಲ್ಲ. ಆ ಆಜ್ಞಾಪಾಲನೆಯೇ ಆಕೆಗೆ ಮುಳುವಾಯಿತು. ಹೋದ ವರ್ಷ ಚಳಿಗಾಲದ ಒಂದು ಮುಂಜಾನೆ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತು ಜೋಳ ಹಸನು ಮಾಡುವಾಗ, ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತು ಪೆಡಸಾಗಿದ್ದ ಆ ಕುರ್ಚಿಯ ಹಿಂಗಾಲು ಸೀಳಿತು. ಅಕ್ಕ ಪಕ್ಕಕ್ಕೆ ಉರುಳಿದಳು. ಬಿದ್ದದ್ದು ಒಂದೂವರೆ ಅಡಿ ಎತ್ತರದಿಂದ. ಎಡ ತೊಡೆ ನಡುವೆ ತಿರುಗಿ ಅಡ್ಡವಾಗಿ ಬಿದ್ದುಕೊಂಡಿತ್ತು ಎಂದು ಸೊಸೆ ಫೋನಿನಲ್ಲಿ ಹೇಳಿದಳು.

ನಾನು ಸತ್ತಿಗೆ ಮುಟ್ಟುವಷ್ಟರಲ್ಲಿ ಅಕ್ಕನ ಮಗ, ಅಂದರೆ ನನ್ನ ಸೋದರಳಿಯ, ಪಕ್ಕದ ಊರಿನ ಎಲುಬು ಕಟ್ಟುವ ಮುದುಕನನ್ನು ಕರೆತಂದಿದ್ದ. ನಾನು ಬಯ್ಯಲು ಬಾಯಿ ತೆರೆದೆ. ಆದರೆ ಆ ಮುದುಕ ನನಗಿಂತ ತಿಳಿದವನು. ತೊಡೆಯ ಮೇಲೆ ಒಂದು ಸಲ ಹಗುರ ಕೈಯಾಡಿಸಿ, ಒಳಗೆ ಲೋಹ ಇದೆ, ನನ್ನ ಕೈಗೆ ಎಲುಬು ತಿಳಿಯುತ್ತದೆ, ಲೋಹ ತಿಳಿಯುವುದಿಲ್ಲ ಎಂದು ಹೇಳಿ ಎದ್ದ. ಚಹಾ ಕೂಡ ಕುಡಿಯಲಿಲ್ಲ. ಆ ಇಡೀ ಪ್ರಕರಣದಲ್ಲಿ ತನಗೆ ಏನು ಗೊತ್ತಿಲ್ಲ ಎಂಬುದನ್ನು ಮೊದಲೇ ಅರಿತಿದ್ದವನು ಅವನೊಬ್ಬನೇ.

ಅಥಣಿಯಲ್ಲಿ ಎಕ್ಸರೇ ಫೋಟೋ ತೆಗೆಸಿದೆವು. ಅಲ್ಲಿಯವರು ಇದು ನಮ್ಮ ಕೈಲಿ ಆಗುವಂಥದ್ದಲ್ಲ ಎಂದರು. ಸಾಂಗ್ಲಿಯ ಹಳೆಯ ಡಾಕ್ಟರಿಗೆ ಫೋನು ಹಚ್ಚಿದರೆ ಆ ನಂಬರು ಈಗ ಯಾರದೋ ಗ್ಯಾರೇಜಿನದು. ಕೊನೆಗೆ ಚಿಕ್ಕೋಡಿಯಲ್ಲಿ ಇಂಥ ಕೆಲಸ ಬಲ್ಲ ಒಬ್ಬ ಡಾಕ್ಟರು ಇದ್ದಾರೆಂದು ತಿಳಿದು ಅಲ್ಲಿಗೆ ಒಯ್ದೆವು. ನಲವತ್ತರ ಆಸುಪಾಸಿನ ಮನುಷ್ಯ, ಅರ್ಧ ಕನ್ನಡ ಅರ್ಧ ಮರಾಠಿ, ಮಾತಾಡುವಾಗ ರೋಗಿಯ ಮುಖ ನೋಡುವ ಅಪರೂಪದ ಅಭ್ಯಾಸ. ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೂ ನನ್ನ ಅಳಿಯನಿಗೂ ಪಾಠ ಹೇಳುವಂತೆ ಹೇಳಿದರು. ತೊಡೆಯೆಲುಬು ಮುರಿದಿರುವುದು ಸರಿಯಾಗಿ ಹಳೆಯ ರಾಡಿನ ಸುತ್ತಲೇ. ರಾಡು ಎಲುಬಿನಲ್ಲಿ ಗಟ್ಟಿಯಾಗಿ ಕೂತಿದ್ದರೆ ಕೆಲಸ ಹಗುರ, ಹೊರಗಿನಿಂದ ಪ್ಲೇಟು ಇಟ್ಟು ತಂತಿ ಬಿಗಿದು ಕಟ್ಟಬಹುದು. ರಾಡು ಸಡಿಲಾಗಿದ್ದರೆ ಅದನ್ನು ಎಳೆದು ತೆಗೆದು, ಮುರಿದ ಜಾಗ ದಾಟಿ ಕೆಳಗೆ ಹೋಗುವಷ್ಟು ಉದ್ದದ ಹೊಸ ರಾಡು ಹಾಕಬೇಕು. ತನ್ನ ಕಣ್ಣಿಗೆ ಸಡಿಲಾದಂತೆ ಕಾಣುತ್ತಿದೆ ಎಂದರು.

ಆಮೇಲೆ ಸಹಜವಾಗಿ ಕೈ ಚಾಚಿದರು.

"ಮೊದಲಿನ ಫೈಲ್ ಕೊಡ್ರಿ. ಸ್ಟಿಕರ್ ಹಚ್ಚಿದ್ದು ಒಂದು ಹಾಳಿ ಇರತೈತಲ್ರಿ. ಯಾವ ಕಂಪನಿದು, ಎಷ್ಟ ಸೈಜಿಂದು, ಅದರಾಗ ಇರತೈತಿ."

ನಾನು ಚೀಲದಿಂದ ನೀಲಿ ಫೈಲನ್ನು ತೆಗೆದು ಮೇಜಿನ ಮೇಲಿಟ್ಟೆ. ಹೊರಡುವ ಗಡಿಬಿಡಿಯಲ್ಲಿ, ದವಾಖಾನೆಗೆ ಹೊರಟವನ ಕೈ ತಾನಾಗಿ ದವಾಖಾನೆಯ ಫೈಲನ್ನೇ ಹುಡುಕಿ ತಂದಿತ್ತು. ಡಾಕ್ಟರು ಗುಂಡಿ ಬಿಚ್ಚಿದರು. ಒಳಗೆ ನನ್ನ ಪಿಂಚಣಿಯ ಆದೇಶ, ಮೂರು ದೃಢೀಕೃತ ನಕಲುಗಳೊಂದಿಗೆ. ನಾನು ಜೀವಂತ ಇದ್ದೇನೆ ಎಂಬ ಪ್ರಮಾಣಪತ್ರ, ವರ್ಷವಾರು ಜೋಡಿಸಿದ್ದು. ಅವರು ಒಂದೊಂದನ್ನೇ ಮಗುಚಿದರು. ಪಾಪ, ಕೊನೆಯ ಹಾಳೆಯ ತನಕ ನೋಡಿದರು.

ನಾನು ನಡೆದದ್ದನ್ನು ಹೇಳಿದೆ. ನಿಂಬೆಹಣ್ಣನ್ನು ಬಿಟ್ಟು ಹೇಳಿದೆ. ಡಾಕ್ಟರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಒಂದೊಂದು ಕಂಪನಿಯ ರಾಡಿನ ಕುತ್ತಿಗೆ ಒಂದೊಂದು ಅಳತೆಯದು, ಅದನ್ನು ಹಿಡಿದೆಳೆಯುವ ಹತಾರವೂ ಬೇರೆ ಬೇರೆ, ಗೊತ್ತಿಲ್ಲದೆ ಒಳಗೆ ಹೋದರೆ ಎಲ್ಲ ಹತಾರಗಳನ್ನೂ ಹೊರಗೆ ಸಿದ್ಧ ಇಟ್ಟುಕೊಂಡು ಹೋಗಬೇಕಾಗುತ್ತದೆ ಎಂದು ವಿವರಿಸಿದರು. ಅವನ್ನು ತರಿಸಲು ದಿನ ಹಿಡಿಯುತ್ತದೆ. ಈ ವಯಸ್ಸಿನವರನ್ನು ಮೂರು ನಾಲ್ಕು ದಿನದೊಳಗೆ ಆಪರೇಷನ್ ಮಾಡಿ ಎಬ್ಬಿಸಿ ಕೂಡಿಸಬೇಕು. ಮಲಗಿದಷ್ಟೂ ಎದೆ ಕೆಡುತ್ತದೆ, ಬೆನ್ನು ಕೊಳೆಯುತ್ತದೆ. ಸಾಂಗ್ಲಿಯ ದವಾಖಾನೆಯಲ್ಲಿ ಒಂದು ಪ್ರತಿ ಇರಲೇಬೇಕು, ಇವತ್ತೇ ಹೋಗಿ ತರ್ರಿ ಎಂದರು.

ಹೋದೆ. ಕಾಗವಾಡದಲ್ಲಿ ಬಸ್ಸು ಬದಲಿಸಿ ಸಾಂಗ್ಲಿ ಮುಟ್ಟುವ ತನಕ ನನಗೆ ನಂಬಿಕೆ ಇತ್ತು. ಕಾಗದ ಎಲ್ಲಿಯೂ ಪೂರ್ತಿ ಸಾಯುವುದಿಲ್ಲ, ಎಲ್ಲಿಯೋ ಒಂದು ಪ್ರತಿ ಉಳಿದಿರುತ್ತದೆ. ಈ ತತ್ವದ ಮೇಲೆಯೇ ನಾನು ಮೂವತ್ತಮೂರು ವರ್ಷ ಸಂಬಳ ತಿಂದವನು. ದವಾಖಾನೆಯ ಜಾಗದಲ್ಲಿ ಸೀರೆ ಅಂಗಡಿ ಇತ್ತು. ಡಾಕ್ಟರು ತೀರಿಕೊಂಡಿದ್ದರು. ಅವರ ಹಳೆಯ ಕಂಪೌಂಡರನ್ನು ಹುಡುಕಿ ಹಿಡಿದೆ. ಎರಡು ಓಣಿ ಆಚೆ ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದ. ಹಳೆಯ ರೋಗಿಯ ದಾಖಲೆ ಬೇಕೆಂದು ಕೇಳಿದೆ. ಅವನು ಕನ್ನಡಕ ತೆಗೆದು, ಕಾಗದದ ಖೋಲಿ ಕೆಳಗಿನ ಅಂತಸ್ತಿನಲ್ಲಿತ್ತೆಂದು ಹೇಳಿ ಕೈಯನ್ನು ನೆಲದಿಂದ ಎದೆಯ ತನಕ ಎತ್ತಿ ತೋರಿಸಿದ.

"ಮಹಾಪೂರಾತ ಸಗಳಂ ಪಾಣ್ಯಾತ ಗೇಲಂ, ಕಾಕಾ."

ಹೊಳೆಯ ಮಹಾಪೂರದಲ್ಲಿ ಎಲ್ಲವೂ ನೀರಿಗೆ ಹೋಯಿತು. ಒಂದೇ ನದಿ, ಎರಡೂ ಪ್ರತಿ. ಮೂಲ ಪ್ರತಿಯನ್ನು ನಾನು ಒಯ್ದು ಕೊಟ್ಟೆ, ಕಚೇರಿ ಪ್ರತಿಯನ್ನು ಕೃಷ್ಣೆಯೇ ಬಂದು ಒಯ್ದಳು. ಇಷ್ಟು ಪರಿಪೂರ್ಣವಾದ ಕಡತ ವಿಲೇವಾರಿ ನನ್ನ ಸೇವಾವಧಿಯಲ್ಲಿ ಆಗಿರಲಿಲ್ಲ.

ಚಿಕ್ಕೋಡಿಯಲ್ಲಿ ಅಕ್ಕನ ಕಾಲಿಗೆ ಭಾರ ಕಟ್ಟಿ ಇಳಿಬಿಟ್ಟಿದ್ದರು. ಡಾಕ್ಟರು ಎಕ್ಸರೇಯ ಚಿತ್ರವನ್ನು ಮೊಬೈಲಿನಲ್ಲಿ ಕೊಲ್ಲಾಪುರ, ಬೆಳಗಾವಿಯ ಪರಿಚಯದ ಡಾಕ್ಟರರಿಗೆ ಕಳಿಸಿ, ಆಕಾರ ನೋಡಿ ಯಾವುದೆಂದು ಹೇಳಬಲ್ಲಿರಾ ಎಂದು ಕೇಳಿದರು. ಒಬ್ಬರು ಒಂದು ಕಂಪನಿಯ ಹೆಸರು ಹೇಳಿದರು, ಇನ್ನೊಬ್ಬರು ಅದಲ್ಲವೇ ಅಲ್ಲ ಎಂದರು, ಮೂರನೆಯವರು ಇಬ್ಬರದೂ ಸರಿ ಇರಬಹುದು ಎಂದು ತೀರ್ಪು ಕೊಟ್ಟರು. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಮನೆತನದ ಮೂಲ ಹುಡುಕುವ ಹಾಗೆ ಅಕ್ಕನ ರಾಡಿನ ಮೂಲ ಹುಡುಕಿದೆವು. ಹತಾರದ ಪೆಟ್ಟಿಗೆಗಳು ಒಂದೊಂದಾಗಿ ಬರತೊಡಗಿದವು. ಒಂದು ಬಂತು, ಅದರಲ್ಲಿ ಬೇಕಾದ ಅಳತೆ ಇರಲಿಲ್ಲ. ಇನ್ನೊಂದು ಬೇರೆ ಊರಿನ ಆಪರೇಷನ್ನಿಗೆ ಹೋಗಿತ್ತು, ಅಲ್ಲಿಂದ ತೊಳೆದು ಬರಬೇಕು. ಒಂಬತ್ತು ದಿನ ಹೀಗೆ ಹೋಯಿತು.

ಐದನೆಯ ದಿನ ಅಕ್ಕನ ಬೆನ್ನ ಕೆಳಗೆ ಕೆಂಪಾಯಿತು. ಏಳನೆಯ ದಿನ ಕೆಮ್ಮು. ಆ ಒಂಬತ್ತೂ ದಿನ ಸೊಸೆ ಮಲಮೂತ್ರದ ಪಾತ್ರೆ ಇಟ್ಟು ತೆಗೆದು ಮಾಡಿದಳು; ಕಾಲಿಗೆ ಭಾರ ಕಟ್ಟಿದ್ದರಿಂದ ಬೇರೆ ದಾರಿಯಿರಲಿಲ್ಲ. ಅಕ್ಕ ಆ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚುತ್ತಿದ್ದಳು. ಉಣ್ಣುವುದನ್ನು ಅರ್ಧಕ್ಕಿಳಿಸಿದಳು, ನೀರನ್ನೂ. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರಿಗೆ ಮಾತ್ರ ಹಸಿವಿಲ್ಲವಂತೆ ಎಂದು ಹೇಳಿದೆವು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಡಾಕ್ಟರು ನನ್ನನ್ನೂ ಅಳಿಯನನ್ನೂ ಒಳಗೆ ಕರೆದು ಕೂಡಿಸಿದರು. ಎಲುಬು ತೀರ ತೆಳುವಾಗಿದೆ, ಹಳೆಯ ರಾಡು ತೆಗೆಯುವಾಗ ಇನ್ನಷ್ಟು ಒಡೆಯಬಹುದು. ರಕ್ತ ಹೆಚ್ಚು ಹೋಗಬಹುದು. ಎದೆ ತಡೆಯುತ್ತದೋ ಇಲ್ಲವೋ. ಎಲ್ಲ ಸರಿಹೋದರೂ ನೋವು ಕಡಿಮೆಯಾಗಿ ಎದ್ದು ಕೂರಬಹುದು, ಮಗ್ಗುಲಾಗಬಹುದು. ತಾನಾಗಿ ನಡೆಯುತ್ತಾರೆ ಎಂದು ತಾನು ಹೇಳಲಾರೆ ಎಂದರು. ಅಳಿಯ ಸಹಿ ಹಾಕಿದ. ಸಾಕ್ಷಿಯಾಗಿ ನಾನು ಹಾಕಿದೆ. ಸಹಿ ಮಾತ್ರ ಎಂದಿನಂತೆ ದುಂಡಗೆ ಬಂತು.

ಹೊರಗೆ ಬಂದಾಗ ಅಕ್ಕ ನನ್ನನ್ನು ಹತ್ತಿರ ಕರೆದಳು. ಮಗನನ್ನಲ್ಲ, ನನ್ನನ್ನು. ಕಾಗದ ಓದಬಲ್ಲವನು ನಾನು.

"ಏನ ಅಂದ್ರೋ ಡಾಕ್ಟರು?"

"ಮಾಡ್ತೀನಿ ಅಂದಾರ."

"ಮಾಡೂದು ಗೊತ್ತೈತಿ. ನಿಂದರಸ್ತಾರೇನು? ನಿಂದರಸೂದಿದ್ರ ಕೊಯ್ಯಲಿ. ಇಲ್ಲಾಂದ್ರ ಹಿಂಗ ಬಿಡ್ರಿ, ನಾ ಬ್ಯಾಗ ಹೋಕ್ಕೀನಿ. ಸುಳ್ಳ ಹೇಳಬ್ಯಾಡ ತಮ್ಮಾ."

ಬದುಕಿನಲ್ಲಿ ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ಪ್ರಶ್ನೆ ಕೇಳಿದ್ದಿಲ್ಲ. ಉತ್ತರವೂ ನನ್ನ ಬಳಿ ಇತ್ತು, ಹತ್ತು ನಿಮಿಷದ ಹಿಂದಿನದು, ಸಹಿ ಸಮೇತ.

"ನಿಂದರಸ್ತಾರ," ಎಂದೆ. "ಮದಲಿನಂಗ ಅಡ್ಡಾಡ್ತೀ ಅಂದಾರ."

ಆಕೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ, ಹಂಗಾದ್ರ ಆಗಲಿ, ಎಂದು ಸೊಸೆಯಿಂದ ಒಂದು ಲೋಟ ನೀರು ತರಿಸಿ ಪೂರ್ತಿ ಕುಡಿದಳು.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಆಕೆಯ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಓದುವವರು ಒಪ್ಪಿಯಾರು. ನನಗೆ ಅಷ್ಟು ಖಾತ್ರಿ ಇಲ್ಲ. ಆಪರೇಷನ್ ಬೇಡವೆಂದು ಆಕೆ ಹಾಗೆಯೇ ಸತ್ತಿದ್ದರೆ ಆ ಸಾವು ನೇರವಾಗಿ ನಾನು ಹೊಳೆಗೆ ಬಿಟ್ಟ ಗಂಟಿನ ಲೆಕ್ಕಕ್ಕೆ ಬಂದು ಬೀಳುತ್ತಿತ್ತು. ಆಪರೇಷನ್ನಾದರೆ ನಡುವೆ ಒಬ್ಬ ಡಾಕ್ಟರು ಇರುತ್ತಾರೆ, ದೇವರು ಇರುತ್ತಾನೆ. ಕಚೇರಿಯಲ್ಲಿ ಕಷ್ಟದ ಕಡತವನ್ನು ಹೀಗೆಯೇ ಮೇಲಕ್ಕೆ ಸಲ್ಲಿಸುತ್ತಿದ್ದೆವು.

ಒಳಗೆ ಒಯ್ದದ್ದು ಬೆಳಗ್ಗೆ ಒಂಬತ್ತಕ್ಕೆ. ಹೊರಗೆ ಬಂದದ್ದು ಮೂರು ದಾಟಿದ ಮೇಲೆ. ಡಾಕ್ಟರು ಟೊಪ್ಪಿಗೆ ತೆಗೆದು ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತರು. ರಾಡು ಸಡಿಲಾಗಿತ್ತು, ಆದರೆ ಕೆಳಗಿನ ತುದಿಯಲ್ಲಿ ಮಾತ್ರ ಎಲುಬಿಗೆ ಕಚ್ಚಿ ಕೂತಿತ್ತು. ತರಿಸಿದ ಹತಾರಗಳಲ್ಲಿ ಯಾವುದೂ ಅದರ ಕುತ್ತಿಗೆಗೆ ಸರಿಯಾಗಿ ಕೂರಲಿಲ್ಲ. ನಾವು ಊಹಿಸಿದ ಯಾವ ಕಂಪನಿಯದೂ ಅದಾಗಿರಲಿಲ್ಲ. ಕೊನೆಗೆ ಎಲುಬನ್ನು ಉದ್ದಕ್ಕೆ ಸೀಳಿ ಬಿಡಿಸಬೇಕಾಯಿತು. ಹಪ್ಪಳದಂತಿತ್ತು ಎಂದರು. ಉದ್ದದ ರಾಡು ಹಾಕಿ, ಪ್ಲೇಟು ಇಟ್ಟು, ಆರು ಕಡೆ ತಂತಿ ಸುತ್ತಿದ್ದರು. ಇನ್ನು ಎಲುಬು ಕೂಡಿಕೊಳ್ಳಬೇಕು, ಅದು ತನ್ನ ಕೈಯಲ್ಲಿಲ್ಲ.

ನಾನು ಕೇಳಬಾರದಿತ್ತು, ಕೇಳಿದೆ. ಆ ಹಾಳೆ ಇದ್ದಿದ್ದರೆ?

ಅವರು ಕೈಯಲ್ಲಿದ್ದ ಟೊಪ್ಪಿಗೆಯನ್ನು ಮಡಿಚಿದರು. "ಇದ್ದಿದ್ರ ಸೀಳೂದು ತಪ್ಪತಿತ್ತೇನೋ. ಇದ್ರೂ ಹಿಂಗ ಆಗತಿತ್ತೇನೋ. ಅದನ್ನ ತಲಿಯಾಗ ಇಟಗೋಬ್ಯಾಡ್ರಿ ಯಜಮಾನ್ರ."

ಒಳ್ಳೆಯ ಮನುಷ್ಯ. ಎರಡೂ ಬದಿಗೆ ಸಮನಾಗಿ 'ಏನೋ' ಇಟ್ಟು ನನ್ನನ್ನು ಬಿಡಿಸಲು ನೋಡಿದರು. ಮೊದಲಿನ 'ಏನೋ' ಮಾತ್ರ ನನ್ನೊಂದಿಗೆ ಮನೆಗೆ ಬಂತು.

ಅಕ್ಕ ಬದುಕಿದಳು. ಬದುಕಿದಳೆಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡೆವು; ಕೊಕಟನೂರಿಗೆ ಹೋಗಿ ಯಲ್ಲಮ್ಮನಿಗೆ ಕಾಯಿ ಒಡೆಸಿಕೊಂಡು ಬಂದದ್ದೂ ಆಯಿತು. ಮೂರು ತಿಂಗಳು ಕಾಲಿನ ಮೇಲೆ ಭಾರ ಬಿಡಬಾರದೆಂದು ಹೇಳಿದ್ದರು. ಆ ಮೂರು ತಿಂಗಳು ಅಕ್ಕ ಸತ್ತಿಯ ಪಡಸಾಲೆಯಲ್ಲಿ ಕಬ್ಬಿಣದ ಮಂಚದ ಮೇಲೆ ಮಲಗಿ ತಿಂಗಳು ಎಣಿಸಿದಳು. ಹೋದಾಗಲೆಲ್ಲ ನನ್ನನ್ನು ಕೇಳುತ್ತಿದ್ದಳು, ಇನ್ನೆಷ್ಟು ಉಳಿಯಿತೆಂದು. ನಾನು ಹೇಳುತ್ತಿದ್ದೆ. ಬೆನ್ನಿನ ಹುಣ್ಣು ಮಾಯಲಿಲ್ಲ. ಸೊಸೆ ಹೊತ್ತಿಗೊಮ್ಮೆ ಮಗ್ಗುಲು ಬದಲಿಸಿ, ತೊಳೆದು, ಪುಡಿ ಹಾಕಿ, ಬಟ್ಟೆ ಮಡಿಚುತ್ತಿದ್ದಳು, ಮುಖದಲ್ಲಿ ಏನೂ ತೋರಿಸದೆ. ಆಕೆಯಿಂದ ನಾನು ಒಂದು ಗೊಣಗು ಕೇಳಲಿಲ್ಲ. ಗೊಣಗಿದ್ದರೆ ಅಕ್ಕನಿಗೆ ಜಗಳವಾಡಲಾದರೂ ಸಿಗುತ್ತಿತ್ತು.

ಮೂರು ತಿಂಗಳು ಮುಗಿದ ಮೇಲೆ ಒಂದು ದಿನ ವ್ಯಾಯಾಮ ಮಾಡಿಸುವವರು ಅಥಣಿಯಿಂದ ಬಂದು ನಿಲ್ಲಿಸಿ ನೋಡೋಣ ಎಂದರು. ಅಕ್ಕ ಬೆಳಗ್ಗೆಯೇ ತಲೆ ಬಾಚಿಸಿಕೊಂಡು, ಒಗೆದ ಸೀರೆ ಉಡಿಸಿಕೊಂಡು ಕಾದಿದ್ದಳು. ವಾಕರು ಮುಂದಿಟ್ಟು, ಆ ಬದಿ ಅಳಿಯ, ಈ ಬದಿ ನಾನು, ಹಿಂದೆ ವ್ಯಾಯಾಮದವರು. ಎತ್ತಿದೆವು. ಎಡಗಾಲು ನೆಲಕ್ಕೆ ತಾಗಿದ ಕೂಡಲೇ ತೊಡೆಯ ನಡುವೆ ಏನೋ ಸರಿದಂತೆ ನನ್ನ ಕೈಗೇ ಗೊತ್ತಾಯಿತು. ಅಕ್ಕ ವಾಕರಿನ ಹಿಡಿಕೆಯನ್ನು ನೋಡುತ್ತ ಎರಡು ಮೂರು ಉಸಿರು ಎಳೆದಳು. ನಂತರ ಇಳಿಸಿರೆಂದಳು. ಮತ್ತೊಮ್ಮೆ ನೋಡೋಣವೇ ಎಂದು ವ್ಯಾಯಾಮದವರು ಕೇಳಿದರು. ಆಕೆ, ಬಂದವರಿಗೆ ಚಹಾ ಮಾಡು ಎಂದು ಸೊಸೆಗೆ ಹೇಳಿದಳು.

ಚಿಕ್ಕೋಡಿಯಲ್ಲಿ ಮತ್ತೆ ಎಕ್ಸರೇ. ಎಲುಬು ಕೂಡಿಕೊಂಡಿರಲಿಲ್ಲ. ಒಂದು ತಂತಿ ಹರಿದಿತ್ತು, ಪ್ಲೇಟಿನ ಕೆಳಗಿನ ತಿರುಪುಗಳು ಕಿತ್ತು ಬಂದಿದ್ದವು. ಮತ್ತೊಂದು ಆಪರೇಷನ್ ಸಾಧ್ಯವಿಲ್ಲವೆಂದೇನಿಲ್ಲ ಎಂದು ಡಾಕ್ಟರು ತಲೆ ತಗ್ಗಿಸಿ ಹೇಳಿದರು. ಎದೆ ನೋಡುವ ಡಾಕ್ಟರು ಬೇಡವೇ ಬೇಡ ಎಂದರು. ಹೀಗಾಗಿ ಸದರಿ ಪ್ರಕರಣದಲ್ಲಿ ಮುಂದಿನ ಯಾವ ಕ್ರಮವೂ ಅಗತ್ಯವಿಲ್ಲವೆಂದು ತೀರ್ಮಾನವಾಯಿತು.

ಮರಳುವಾಗ ಆಂಬುಲೆನ್ಸಿನಲ್ಲಿ ಅಕ್ಕನ ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ಅಳಿಯ ಮುಂದೆ ಕೂತಿದ್ದ. ಡಾಕ್ಟರು ಹೇಳಿದ್ದನ್ನು ಆಕೆ ಕೇಳಿಸಿಕೊಂಡಿದ್ದಳು. ನಾನು ಬಾಯಿ ಬಿಡುವ ಮೊದಲೇ ಆಕೆ ಮಾತಾಡಿದಳು.

"ಅವತ್ತ ಡಾಕ್ಟರು ನಿಂದರಸ್ತೀನಿ ಅಂದಿದ್ದಿಲ್ಲ, ಹೌದಲ್ಲೋ?"

"ಅಂದಿದ್ದಿಲ್ಲ."

"ನನಗ ಅವತ್ತ ತಿಳಿದಿತ್ತು. ನೀ ಸುಳ್ಳ ಹೇಳೂಮುಂದ ಕಚೇರಿ ಭಾಷಾ ಬಿಟ್ಟ ಮಾತಾಡ್ತಿ."

"ತಿಳಿದಿತ್ತಂದ್ರ ಯಾಕ ಹೂಂ ಅಂದಿ?"

ಆಕೆ ಕಿಟಕಿಯ ಕಡೆ ನೋಡಿದಳು. ಮಲಗಿದವಳಿಗೆ ಅಲ್ಲಿಂದ ಕಾಣುತ್ತಿದ್ದದ್ದು ಆಕಾಶ ಮತ್ತು ಕರೆಂಟಿನ ತಂತಿ.

"ನಿನ್ನ ಮಾರಿ ನೋಡಿ," ಎಂದಳು.

ಇದು ನಡೆದು ಈಗ ಏಳು ತಿಂಗಳು. ವಾರಕ್ಕೆ ಎರಡು ಸಲ ಸತ್ತಿಗೆ ಹೋಗುತ್ತೇನೆ. ಮಂಚದ ಪಕ್ಕ ಕೂತು ಊರ ಸುದ್ದಿ ಹೇಳುತ್ತೇನೆ, ರಾಯಬಾಗದಲ್ಲಿ ಯಾರು ಸತ್ತರು, ಯಾರು ಸಾಯಬೇಕಾಗಿದ್ದವರು ಇನ್ನೂ ಇದ್ದಾರೆ. ಮೊದಲು ನಗುತ್ತಿದ್ದಳು. ನಾನು ನಿನ್ನೆಯೂ ಹೋಗಿದ್ದೆ. ಸುದ್ದಿ ಹೇಳುತ್ತಿರುವಾಗ ಸೊಸೆ ಬಿಸಿನೀರಿನ ಬೋಗುಣಿ, ಬಟ್ಟೆ ಹಿಡಿದು ಒಳಗೆ ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಏಳುವ ಮೊದಲೇ ಅಕ್ಕ ತನ್ನ ಕೈಯಿಂದ ಹೊದಿಕೆಯನ್ನು ಸರಿಸಿ, ನೀ ಮಾಡವಾ, ಅವನ ಮಾತು ಮುಗಿಯುವುದಿಲ್ಲ ಎಂದಳು. ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮುಖ ಗೋಡೆಯ ಕಡೆ ತಿರುಗಲೂ ಇಲ್ಲ. ಆಕೆ ಸುದ್ದಿಯ ಉಳಿದ ಭಾಗಕ್ಕೆ ಕಾಯುವವಳಂತೆ ನನ್ನನ್ನೇ ನೋಡುತ್ತಿದ್ದಳು.

ನಾನು ಎದ್ದು ಅಂಗಳಕ್ಕೆ ಬಂದೆ. ಒಳಗಿನಿಂದ ನೀರಿನ ಸಪ್ಪಳ ಕೇಳುತ್ತಿತ್ತು. ಮುಗಿಯುವ ತನಕ ಅಲ್ಲಿಯೇ ನಿಂತಿದ್ದೆ, ನನ್ನ ಎರಡು ಗಟ್ಟಿ ಕಾಲುಗಳ ಮೇಲೆ.